ಯುಎಇಯಲ್ಲಿ ಯಾವ ಗುಳ್ಳೆನರಿ ಹುಡುಕಲಿ?

ಕೈಯಲ್ಲಿರುವುದು ಒಂದೇ ರಾತ್ರಿಯಾದರೆ ಕೆಂಪು ನರಿಯೇ ಸರಿ. ಕಸ ಕೆದಕಲು ಊರಂಚಿಗೂ ಬರುತ್ತದೆ, ಕಾರಲ್ಲೇ ಕೂತು ಕಾಯಬಹುದು.

ಬ್ಲ್ಯಾನ್‌ಫೋರ್ಡ್ ನರಿಗೆ ಕಡಿದಾದ ಕಲ್ಲುಬೆಟ್ಟವೇ ಬೇಕು. ಅಂದರೆ ನೀವು ಹಜರ್ ಪರ್ವತಗಳಿಗೆ ಹೋಗಬೇಕು. ತೂಕ ಸುಮಾರು 1 ಕೆಜಿ ಅಷ್ಟೇ, ಬಾಲ ಮಾತ್ರ ಹೆಚ್ಚುಕಡಿಮೆ ಮೈಯಷ್ಟೇ ಉದ್ದ! ಅಂಗಾಲಲ್ಲಿ ರೋಮವಿಲ್ಲ, ಉಗುರು ಚೂಪಾಗಿ ಬಾಗಿದೆ. ಬಂಡೆಯಿಂದ ಬಂಡೆಗೆ ಬೆಕ್ಕಿನ ಹಾಗೆ ಜಿಗಿಯುತ್ತದೆ. ಹುಳು, ಹಣ್ಣು ಹುಡುಕಲು ಹೊರಬರುವುದು ರಾತ್ರಿಯೇ. ಕತ್ತಲಲ್ಲಿ ಬೆಟ್ಟ ಸುತ್ತಿ ಅಭ್ಯಾಸವಿಲ್ಲ, ತಾಳ್ಮೆಯೂ ಕಮ್ಮಿ ಅಂದರೆ ಸುಮ್ನೆ ಬಿಡಿ. ಇದ್ದರೆ ನನ್ನ ಓಟು ಇದಕ್ಕೇ.

ರುಪೆಲ್ ನರಿ ಮರಳು, ಜಲ್ಲಿ ಬಯಲಿನದು. ಅಂಗಾಲ ತುಂಬ ರೋಮ. ಬಾಲದ ತುದಿ ಬಿಳಿ, ಬ್ಲ್ಯಾನ್‌ಫೋರ್ಡ್‌ದು ಸಾಮಾನ್ಯವಾಗಿ ಕಪ್ಪು. ಹತ್ತುವ ಕಷ್ಟ ಬೇಡ, ಮರಳಲ್ಲಿ ಓಡುವ ಗಾಡಿ ಇದೆ ಅನ್ನುವವರಿಗೆ ಇದು. ಆದರೆ ಕಣ್ಣಿಗೆ ಬೀಳುವುದು ಅಪರೂಪ.