ಬೆಪ್ಪು: ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ಕುಟುಂಬದೊಡನೆ

ಜಪಾನಿನ ಕ್ಯೂಶೂ ದ್ವೀಪದ ಬೆಪ್ಪು ನಗರವು ಫುಕುವೋಕಾದ ಹಕಾತಾ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 2 ಗಂಟೆಯ ದಾರಿ. ‘ಜಿಗೊಕು’, ಅಂದರೆ ನರಕ, ಎಂದು ಕರೆಯುವ 7 ಕುದಿಯುವ ಬುಗ್ಗೆಗಳಲ್ಲಿ ಮಕ್ಕಳು ಬಹಳ ಹೊತ್ತು ನಿಂತದ್ದು ನೀಲಿ ಬಣ್ಣದ ಉಮಿ ಜಿಗೊಕುವಿನ ಮುಂದೆ. 5 ಬುಗ್ಗೆಗಳನ್ನು ನಗರದ ಕನ್ನಾವಾ ಎಂಬ ಬಡಾವಣೆಯಲ್ಲಿ ನಡೆದೇ ನೋಡಬಹುದಾದರೂ ಉಳಿದೆರಡಕ್ಕೆ ಬಸ್ಸು ಹಿಡಿಯಬೇಕು. ಹಿರಿಯರು ಜೊತೆಗಿದ್ದರೆ ಇದು ಗಮನದಲ್ಲಿರಲಿ.

ಕನ್ನಾವಾದ ಜಿಗೊಕುಮುಶಿ ಅಡುಗೆಮನೆಯಲ್ಲಿ ಗೆಣಸು, ಮುಸುಕಿನ ಜೋಳ, ಕುಂಬಳಕಾಯಿಗಳನ್ನು ನೆಲದಿಂದೇಳುವ ಹಬೆಯಲ್ಲೇ ಬೇಯಿಸಿಕೊಂಡು ತಿಂದೆವು. ತರಕಾರಿಯ ಸಾರಿಗೂ ಹಲವೆಡೆ ಮೀನಿನ ರಸ ಬೆರೆಸುವ ಆ ದೇಶದಲ್ಲಿ, ಸಸ್ಯಾಹಾರಿಗಳಾದ ನಮಗೆ ಅದು ಪ್ರವಾಸದಲ್ಲೇ ಅತ್ಯಂತ ನೆಮ್ಮದಿಯ ಊಟವಾಗಿತ್ತು. ಸಾರ್ವಜನಿಕ ಸ್ನಾನಗೃಹಗಳಲ್ಲಿ ಸಾಮಾನ್ಯವಾಗಿ ಬಟ್ಟೆಯಿಲ್ಲದೆ ನೀರಿಗಿಳಿಯಬೇಕಾದ್ದರಿಂದ ಅತ್ತೆಯವರು ಒಪ್ಪಲಿಲ್ಲ. ಕುಟುಂಬಕ್ಕೆಂದೇ ಬಾಡಿಗೆಗೆ ಕೊಡುವ ಖಾಸಗಿ ಸ್ನಾನದ ಕೋಣೆಯಲ್ಲಿ ಅವರ ಮಂಡಿನೋವಿಗೂ ಆ ಬಿಸಿನೀರು ಹಿತವೆನಿಸಿತು.