ನೈಟ್ ಸೈನ್ಯ ಕಟ್ಟಲು ಹೊರಟವರೇ, ಹಣ ಕಳಿಸುವ ಮೊದಲು ಇದನ್ನು ಓದಿ

ಗೇಮ್ಸ್ ವರ್ಕ್‌ಶಾಪ್ ಕಂಪನಿಯ ವಾರ್‌ಹ್ಯಾಮರ್ 40,000 ಎಂಬ, ಮೇಜಿನ ಮೇಲೆ ಸಣ್ಣ ಮಾದರಿಗಳಿಂದ ಆಡುವ ಯುದ್ಧದಾಟಕ್ಕೆ ಇಂಪೀರಿಯಲ್ ನೈಟ್ಸ್ ಸೈನ್ಯ ಕಟ್ಟಬೇಕೆಂದು ಸೆಕೆಂಡ್ ಹ್ಯಾಂಡ್ ಕಿಟ್ ಹುಡುಕುತ್ತಿರುವವರು ದಯವಿಟ್ಟು ಸ್ವಲ್ಪ ನಿಲ್ಲಿ. ಅಸಲಿ ಎಂದು ಹೇಳಿ ನನಗೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಸುರಿದು ಮಾಡಿದ ನಕಲಿ ಕಿಟ್ ಮಾರಿದ್ದಾರೆ. ಹಣ ಹೋಗಿದೆ, ವಾಪಸ್ ಬಂದಿಲ್ಲ. ಮಾರಿದವನು ಎಲ್ಲೋ ಹೊರದೇಶದವನಲ್ಲ, ಬೆಂಗಳೂರಿನವನೇ. ಕನ್ನಡದಲ್ಲೇ ಮಾತನಾಡಿದ, ಮಾತಿಗೊಮ್ಮೆ ‘ಸರ್’ ಎಂದ, ‘ನಮ್ಮವರಿಗೆ ಮೋಸ ಮಾಡುತ್ತೇನೆಯೇ’ ಎಂದ. ಆ ಮಾತು ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಹೊಸಬರು ನೈಟ್ಸ್ ಕಡೆಗೆ ಏಕೆ ಬರುತ್ತಾರೆ ಎಂಬುದು ನಿಮಗೆ ಗೊತ್ತು. ಬೇರೆ ಸೈನ್ಯವಾದರೆ ಹತ್ತಾರು ಸಿಪಾಯಿಗಳನ್ನು ಒಬ್ಬೊಬ್ಬರಾಗಿ ಜೋಡಿಸಿ ಬಣ್ಣ ಹಚ್ಚಬೇಕು. ಇಲ್ಲಿ ನೈಟ್ ಎಂಬ ಮೂರ್ನಾಲ್ಕು ದೈತ್ಯ ಯಂತ್ರಗಳು, ಜೊತೆಗೆ ಆರ್ಮಿಜರ್ ಎಂಬ ಕೆಲವು ಚಿಕ್ಕ ನೈಟ್‌ಗಳು, ಅಷ್ಟರಲ್ಲಿ ಒಂದು ಪೂರ್ಣ ಆಟಕ್ಕೆ ಬೇಕಾದ 2000 ಪಾಯಿಂಟ್ ಆಗಿಹೋಗುತ್ತದೆ. ಆದರೆ ಒಂದೊಂದು ದೊಡ್ಡ ಕಿಟ್‌ನ ಬೆಲೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ನಕಲು ಮಾಡುವವರಿಗೆ ಬೇಕಾದದ್ದೂ ಇದೇ: ಭಾಗಗಳು ಕಡಿಮೆ, ಬೆಲೆ ಹೆಚ್ಚು, ಕೊಳ್ಳುವವರು ಹೊಸಬರು.

ಬೆಲೆ ತೀರಾ ಕಡಿಮೆಯಿದ್ದರೆ ನಕಲಿ ಎಂದು ಎಲ್ಲರೂ ಹೇಳುತ್ತಾರೆ. ಈತ ಕಡಿಮೆ ಕೇಳಲೇ ಇಲ್ಲ. ಅಂಗಡಿ ಬೆಲೆಗಿಂತ ಸ್ವಲ್ಪವೇ ಇಳಿಸಿ, ‘ಕೆಲಸದ ಒತ್ತಡ ಸರ್, ಜೋಡಿಸಲು ಪುರುಸೊತ್ತಿಲ್ಲ, ಅದಕ್ಕೇ ಕೊಡುತ್ತಿದ್ದೇನೆ’ ಎಂದ. ಫೋಟೋದಲ್ಲಿ ಪೆಟ್ಟಿಗೆ ಇತ್ತು, ಬಿಡಿ ಭಾಗಗಳು ಅಂಟಿಕೊಂಡೇ ಬರುವ ಬೂದು ಪ್ಲಾಸ್ಟಿಕ್‌ನ ಚೌಕಟ್ಟುಗಳಿದ್ದವು, ಎಲ್ಲವೂ ಸರಿಯಾಗಿತ್ತು. ಮನೆಗೆ ಬಂದದ್ದು ಮಾತ್ರ ಜಿಪ್ ಚೀಲಗಳಲ್ಲಿ ತುಂಬಿದ ಬಿಡಿ ಭಾಗಗಳು. ಕೇಳಿದರೆ, ‘ಕೊರಿಯರ್ ಖರ್ಚು ಉಳಿಯಲಿ ಎಂದು ಚೌಕಟ್ಟಿನಿಂದ ಕತ್ತರಿಸಿ ಕಳಿಸಿದ್ದೇನೆ ಸರ್, ನಿಮಗೇ ಕೆಲಸ ಕಡಿಮೆಯಾಯಿತಲ್ಲ’ ಎಂಬ ಉತ್ತರ ಬಂತು. ನನಗೆ ಉಪಕಾರ ಮಾಡಿದವನ ಹಾಗೆ!

ನಿಜ ತಿಳಿದದ್ದು ಪಾದದ ಹತ್ತಿರ. ನೈಟ್‌ನ ಪಾದದ ಬೆರಳುಗಳನ್ನು ಬೇರೆ ಬೇರೆಯಾಗಿ ಅಂಟಿಸಬೇಕು, ಅದರ ಮೇಲೆ ಕಣಕಾಲು ಕೂರಬೇಕು, ಇಡೀ ಭಾರ ಅಲ್ಲಿಯೇ. ಪ್ಲಾಸ್ಟಿಕ್ ಅಂಟು ಹಚ್ಚಿದೆ. ಆ ಅಂಟು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸಿ ಎರಡು ಭಾಗಗಳನ್ನು ಒಂದು ಮಾಡುತ್ತದೆ. ಒಣಗಿದ ಮೇಲೆ ಎಳೆದರೂ ಬರುವುದಿಲ್ಲ. ಬೆಳಿಗ್ಗೆ ಎದ್ದು ಎತ್ತಿದರೆ ಕಾಲು ಕೈಗೆ ಬಂತು, ಪಾದ ಮೇಜಿನ ಮೇಲೆಯೇ ಉಳಿಯಿತು. ಅಂಟು ಆರಿಹೋಗಿತ್ತು, ಮೇಲ್ಮೈ ಸ್ವಲ್ಪವೂ ಕರಗಿರಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಹಾಗೆಯೇ ಆಯಿತು. ತೋಳಿಗೆ ಆಯಸ್ಕಾಂತ ಕೂರಿಸೋಣ, ಆಯುಧ ಬದಲಾಯಿಸಬಹುದು ಎಂದು ಭುಜದಲ್ಲಿ ಸಣ್ಣ ರಂಧ್ರ ಕೊರೆದರೆ ಸುರುಳಿಯಾಗಿ ಬರಬೇಕಾದ ಪ್ಲಾಸ್ಟಿಕ್ ಬದಲು ಹಿಟ್ಟಿನಂಥ ಬಿಳಿ ಪುಡಿ ಉದುರಿತು. ಒಳಗೆ ಗಾಳಿಗುಳ್ಳೆಗಳು. ಕಾಲಿನ ಹಿಂದಿನ ಪಿಸ್ಟನ್ ಒಂದು ಬೆರಳು ತಾಗಿದ್ದಕ್ಕೇ ಪಟ್ಟೆಂದು ಮುರಿಯಿತು. ಬೆನ್ನಿನ ಕವಚ ಸೊಟ್ಟಗಾಗಿ ಒಂದು ಬದಿ ಕೂರಲೇ ಇಲ್ಲ. ಆಗ ಅರ್ಥವಾಯಿತು, ಇದು ಪ್ಲಾಸ್ಟಿಕ್ ಅಲ್ಲ, ಯಾರೋ ಅಸಲಿಯ ಅಚ್ಚು ತೆಗೆದು ಸುರಿದ ರೆಸಿನ್ ನಕಲು. ಆಟಗಾರರ ಮಾತಿನಲ್ಲಿ ರೀಕಾಸ್ಟ್.

ಸಂದೇಶ ಕಳಿಸಿದೆ. ಆತನ ಉತ್ತರಗಳನ್ನು ಒಂದರ ಕೆಳಗೊಂದು ಓದಿದರೆ ನಿಮಗೇ ತಿಳಿಯುತ್ತದೆ.

‘ಪ್ಲಾಸ್ಟಿಕ್ಕೇ ಸರ್, ಹಳೆಯ ಬ್ಯಾಚ್, ಅಂಟು ಸರಿಯಿಲ್ಲದಿರಬಹುದು.’

ಗಾಳಿಗುಳ್ಳೆಯ ಫೋಟೋ ಕಳಿಸಿದ ಮೇಲೆ: ‘ಹಾಗಾದರೆ ಫೋರ್ಜ್ ವರ್ಲ್ಡ್ ರೆಸಿನ್ ಇರಬೇಕು. ಅದು ಇನ್ನೂ ದುಬಾರಿ ಸರ್, ನಿಮಗೇ ಲಾಭ.’

ಕಿವಿಗೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ! ಗೇಮ್ಸ್ ವರ್ಕ್‌ಶಾಪ್‌ನದೇ ರೆಸಿನ್ ವಿಭಾಗವಾದ ಫೋರ್ಜ್ ವರ್ಲ್ಡ್ ರೆಸಿನ್‌ನಲ್ಲಿ ಮಾರಿದ್ದು ಸೆರಾಸ್ಟಸ್, ಪೋರ್ಫಿರಿಯನ್ ಮುಂತಾದ ಬೇರೆ ಬಗೆಯ ನೈಟ್‌ಗಳನ್ನು. ನನ್ನ ಮೇಜಿನ ಮೇಲಿದ್ದದ್ದು ನೈಟ್ ಪ್ಯಾಲಡಿನ್. ಗೇಮ್ಸ್ ವರ್ಕ್‌ಶಾಪ್ 2014ರಲ್ಲಿ ಅದನ್ನು ಹೊರತಂದದ್ದೇ ಪ್ಲಾಸ್ಟಿಕ್‌ನಲ್ಲಿ. ಇದನ್ನು ಬರೆದು ಕಳಿಸಿದ ಕೂಡಲೇ ಧಾಟಿ ಬದಲಾಯಿತು.

‘ಆಟ ಆಡಲು ಏನೂ ತೊಂದರೆ ಇಲ್ಲವಲ್ಲ ಸರ್? ಬಣ್ಣ ಹಚ್ಚಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.’

‘ಅಂಟು ಹಚ್ಚಿದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ.’

ಕೊನೆಗೆ: ‘ಎಲ್ಲರೂ ಇದನ್ನೇ ತೆಗೆದುಕೊಳ್ಳುತ್ತಾರೆ, ನೀವೊಬ್ಬರೇ ಗಲಾಟೆ ಮಾಡುವುದು.’ ಆಮೇಲೆ ನಂಬರ್ ಬ್ಲಾಕ್.

ಎಲ್ಲರೂ ಇದನ್ನೇ ತೆಗೆದುಕೊಳ್ಳುತ್ತಾರಂತೆ! ಅಂದರೆ ಆತನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ರೀಕಾಸ್ಟ್ ಎಂದೇ ಹೇಳಿ ಕಡಿಮೆ ಬೆಲೆಗೆ ಮಾರಿದ್ದರೆ ನಾನು ಬೇಡ ಎನ್ನುತ್ತಿದ್ದೆ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಸಲಿಯ ಬೆಲೆಗೆ ನಕಲಿ ಮಾರಿ, ಸಿಕ್ಕಿಬಿದ್ದ ಮೇಲೆ ಕೊಂಡವನನ್ನೇ ಗಲಾಟೆಯವನೆನ್ನುವುದಿದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ.

ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಸುಳ್ಳು. ನಾವು ಆಡುವ ಕಡೆ ಹಿರಿಯ ಆಟಗಾರರೊಬ್ಬರು ಎದೆಯ ಭಾಗವನ್ನು ಕೈಗೆತ್ತಿಕೊಂಡು, ಒಮ್ಮೆ ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ಮುಖ ನೋಡಿದರು. ಅಷ್ಟು ಜನರ ನಡುವೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾಚಿಕೆಪಡಬೇಕಾದವನು ಮಾರಿದವನು, ಪಟ್ಟದ್ದು ನಾನು. ಗೇಮ್ಸ್ ವರ್ಕ್‌ಶಾಪ್‌ನ ಅಂಗಡಿಗಳಲ್ಲಿ, ಅವರ ಅಧಿಕೃತ ಪಂದ್ಯಗಳಲ್ಲಿ ಇಂಥದ್ದನ್ನು ಮೇಜಿಗೆ ಇಡುವಂತೆಯೇ ಇಲ್ಲ. ಆಟದ ಕಥೆಯ ಹೌಸ್ ಟೆರಿನ್ ಎಂಬ ನೈಟ್ ಮನೆತನಕ್ಕೆಂದು ನೀಲಿ ಬಣ್ಣ ತಂದಿಟ್ಟುಕೊಂಡಿದ್ದೆ. ಡಬ್ಬಿಗಳ ಮುಚ್ಚಳವನ್ನೂ ತೆರೆದಿಲ್ಲ.

ಇನ್ನೊಂದು ಮಾತು, ಇದು ಹಣಕ್ಕಿಂತ ಮುಖ್ಯ: ಆ ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ರೆಸಿನ್ ಎಂದು ಗೊತ್ತಿದ್ದವರು ಮಾಸ್ಕ್ ಹಾಕಿಕೊಂಡು, ನೀರು ಹಚ್ಚಿ ಉಜ್ಜುತ್ತಾರೆ. ಪ್ಲಾಸ್ಟಿಕ್ ಎಂದು ಸುಳ್ಳು ಹೇಳಿದ್ದರಿಂದ ನಾನು ಮನೆಯೊಳಗೆ, ಮಗು ಓಡಾಡುವ ಜಾಗದಲ್ಲಿ ಅದನ್ನು ಕೊರೆದೆ. ಇದಕ್ಕೆ ಆತ ಏನು ಉತ್ತರ ಕೊಡುತ್ತಾನೆ?

ಕೊಳ್ಳುವವರು ಇಷ್ಟು ಮಾಡಿ. ಕತ್ತರಿಸದ ಚೌಕಟ್ಟನ್ನೇ ಕೇಳಿ. ಅಸಲಿ ಚೌಕಟ್ಟಿನ ಅಂಚಿನಲ್ಲಿ ಗೇಮ್ಸ್ ವರ್ಕ್‌ಶಾಪ್ ಹೆಸರು ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲಿ ಅಂದಿನ ದಿನಾಂಕ ಬರೆದ ಚೀಟಿಯಿಟ್ಟು ಫೋಟೋ ತೆಗೆಯಲು ಹೇಳಿ. ಒಂದೇ ಊರಿನವರಾದರೆ ಕೈಯಾರೆ ಮುಟ್ಟಿ ನೋಡದೆ ಹಣ ಕೊಡಬೇಡಿ. ಯುಪಿಐನಲ್ಲಿ ಮುಂಗಡ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ, ಎಷ್ಟೇ ‘ಸರ್’ ಎನ್ನಲಿ. ನಾನು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ, ಸಂದೇಶಗಳ ಚಿತ್ರಗಳನ್ನೆಲ್ಲ ಒಪ್ಪಿಸಿದ್ದೇನೆ.

ಆತ ಈಗ ಬೇರೆ ಹೆಸರಿನಲ್ಲಿ ಆರ್ಮಿಜರ್‌ಗಳನ್ನು ಮಾರಾಟಕ್ಕಿಟ್ಟಿದ್ದಾನೆ. ಹಸಿರು ಕಟಿಂಗ್ ಮ್ಯಾಟ್ ಮೇಲೆ ಪೆಟ್ಟಿಗೆ, ಮ್ಯಾಟ್‌ನ ಎಡ ಮೂಲೆಯಲ್ಲಿ ಸುಟ್ಟ ಕಲೆ, ‘ಪುರುಸೊತ್ತಿಲ್ಲ, ಅದಕ್ಕೇ ಕೊಡುತ್ತಿದ್ದೇನೆ’ ಎಂಬ ಅದೇ ಸಾಲು. ಈ ಫೋಟೋ ಕಂಡರೆ ಹಣ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ನನಗೆ ತಿಳಿಸಿ, ದೂರನ್ನು ಒಟ್ಟಿಗೇ ಕೊಡೋಣ.