ಟೈಮರ್ ಡಬ್ಬಿಯೋ, ಸೆನ್ಸರ್ ಡಬ್ಬಿಯೋ: ಜನರೇಟರ್ ಟ್ರೈಲರ್‌ಗೆ ಎರಡು ಬ್ರೇಕ್ ಕಂಟ್ರೋಲರ್ ಹಾಕಿ ನೋಡಿದ್ದು

ನಮ್ಮ ಭಾವನದು ತುಮಕೂರಿನಲ್ಲಿ ಶಾಮಿಯಾನ, ಜನರೇಟರ್ ಬಾಡಿಗೆಗೆ ಕೊಡುವ ಕೆಲಸ. 25 ಕೆವಿಎ ಜನರೇಟರನ್ನು ಒಂಟಿ ಆಕ್ಸಲ್ ಟ್ರೈಲರ್ ಮೇಲೆ ಕೂರಿಸಿ, ಬೊಲೆರೊ ಪಿಕಪ್ ಹಿಂದೆ ಕಟ್ಟಿ ಎಳೆಯುತ್ತೇವೆ. ಡೀಸೆಲ್, ಕೇಬಲ್ ಎಲ್ಲ ಸೇರಿ ಹತ್ತಿರ ಹತ್ತಿರ 1,400 ಕೆಜಿ. ಗುಬ್ಬಿ ಕಡೆ ಹೋಗುವಾಗ ಹಿಂದೆ ಇಷ್ಟು ಭಾರ ಇದೆ ಅಂತ ಅನ್ನಿಸುವುದೇ ಇಲ್ಲ. ದೇವರಾಯನದುರ್ಗದಲ್ಲಿ ಮದುವೆ ಮುಗಿಸಿ ಬೆಟ್ಟ ಇಳಿಯುವಾಗ ಅನ್ನಿಸುತ್ತದೆ.

ಮೊದಲು ಇದ್ದದ್ದು ನೂಕು ಬ್ರೇಕ್. ಗಾಡಿ ನಿಧಾನ ಆದಾಗ ಟ್ರೈಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕಿಗೆ ಕೊಂಡಿಯ ದಂಡ ಒಳಗೆ ಸರಿದು ಬ್ರೇಕ್ ಹಿಡಿಯುತ್ತದೆ. ವೈರು ಬೇಡ, ಡಬ್ಬಿ ಬೇಡ. ಮಟ್ಟಸ ರಸ್ತೆಗೆ ಸಾಕು. ಆದರೆ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಮೆಲ್ಲಗೆ ಇಳಿದರೂ ಟ್ರೈಲರ್ ನೂಕುತ್ತಲೇ ಇರುತ್ತದೆ, ಅಂದರೆ ಅದರ ಬ್ರೇಕ್ ಹಿಡಿದೇ ಇರುತ್ತದೆ. ಕೆಳಗೆ ಬಂದು ಡ್ರಮ್ ಮೇಲೆ ನೀರು ಹನಿಸಿದರೆ ಚುರ್ ಅನ್ನುತ್ತಿತ್ತು. ಹೊಸ ಟ್ರೈಲರ್ ಕಟ್ಟಿಸುವಾಗ ಎಲೆಕ್ಟ್ರಿಕ್ ಬ್ರೇಕಿನ ಆಕ್ಸಲ್ ತರಿಸಿ ಹಾಕಿಸಿದ್ದು ಇದೇ ಕಾರಣಕ್ಕೆ.

ಅದರ ಒಂದೊಂದು ಚಕ್ರದ ಡ್ರಮ್ ಒಳಗೂ ಒಂದು ಮ್ಯಾಗ್ನೆಟ್ ಇರುತ್ತದೆ. ಕರೆಂಟ್ ಕೊಟ್ಟರೆ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಅದರ ಜೊತೆ ಸ್ವಲ್ಪ ಸರಿಯುತ್ತದೆ. ಆಗ ಒಳಗಿನ ಲಿವರ್ ಬ್ರೇಕ್ ಶೂಗಳನ್ನು, ಅಂದರೆ ಡ್ರಮ್ಮಿಗೆ ಒತ್ತುವ ಪಟ್ಟಿಗಳನ್ನು, ಅಗಲಿಸುತ್ತದೆ. ಎಷ್ಟು ಕರೆಂಟೋ ಅಷ್ಟು ಹಿಡಿತ. ಆ ಕರೆಂಟನ್ನು ಅಳೆದು ಕೊಡುವುದೇ ಡ್ಯಾಶ್‌ಬೋರ್ಡ್ ಕೆಳಗಿನ ಕಂಟ್ರೋಲರ್. ಟೈಮರ್‌ದು ಒಂದು, ಸೆನ್ಸರ್‌ದು ಒಂದು, ಎರಡನ್ನೂ ಹಾಕಿ ನೋಡಿದೆವು.

ಫಿಟ್ಟಿಂಗ್ ಎರಡಕ್ಕೂ ಒಂದೇ, ನಾಲ್ಕೇ ವೈರು. ಕಪ್ಪು ಬ್ಯಾಟರಿಯ ಪ್ಲಸ್‌ಗೆ, ನಡುವೆ 20 ಆಂಪ್ ಬ್ರೇಕರ್. ಬಿಳಿ ಬ್ಯಾಟರಿಯ ಮೈನಸ್‌ಗೇ ನೇರ. ಸುಮ್ನೆ ಬಾಡಿಯ ಯಾವುದೋ ಬೋಲ್ಟಿಗೆ ಸುತ್ತಬಾರದು. ಕೆಂಪು ಬ್ರೇಕ್ ಪೆಡಲ್ ಸ್ವಿಚ್‌ಗೆ. ನೀಲಿ ಹಿಂದಕ್ಕೆ, ಟ್ರೈಲರ್ ಮ್ಯಾಗ್ನೆಟ್‌ಗೆ.

ನಾವು ಎಡವಿದ್ದು ಕೆಂಪು ವೈರಿನಲ್ಲಿ. ಪೆಡಲ್ ಸ್ವಿಚ್‌ಗೆ ಎರಡು ಕಡೆ ಇರುತ್ತವೆ. ಒಂದರಲ್ಲಿ ಕರೆಂಟ್ ಯಾವಾಗಲೂ ಇರುತ್ತದೆ, ಇನ್ನೊಂದರಲ್ಲಿ ಪೆಡಲ್ ತುಳಿದಾಗ ಮಾತ್ರ. ಅವಸರದಲ್ಲಿ ನಾನು ಮೊದಲನೆಯದಕ್ಕೆ ಸೇರಿಸಿದೆ. ಗಾಡಿ ಹೊರಟರೆ ಟ್ರೈಲರ್ ಬರಲೊಲ್ಲದು. "ಹ್ಯಾಂಡ್ ಬ್ರೇಕ್ ಇಳಿಸಿದ್ದೀಯೇನೋ?" ಅಂತ ಭಾವ ಮೂರು ಸಲ ಕೇಳಿದರು. ಕೊನೆಗೆ ವೈರಿಂಗ್ ಮಾಡುವ ಭಾಯ್ ಬಂದು ಟೆಸ್ಟ್ ಲ್ಯಾಂಪ್ ಹಿಡಿದು ಎರಡೇ ನಿಮಿಷಕ್ಕೆ ತಪ್ಪು ಹುಡುಕಿದರು. ಆಮೇಲೆ ನನ್ನ ನೀಲಿ ವೈರು ನೋಡಿ ನಕ್ಕರು. ಲೈಟಿಗೆ ಹಾಕುವ ಸಣ್ಣ ವೈರನ್ನೇ ಅಷ್ಟುದ್ದ ಎಳೆದಿದ್ದೆ. ಒಂದೊಂದು ಮ್ಯಾಗ್ನೆಟ್ 3ರಿಂದ 4 ಆಂಪ್ ಎಳೆಯುತ್ತದೆ, ಎರಡಕ್ಕೆ 7 ಅಂತಿಟ್ಟುಕೊಳ್ಳಿ. ಸಣ್ಣ ವೈರಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಸೋರಿ ಹೋಗುತ್ತದೆ. ಮೀಟರ್ ಹಿಡಿದಾಗ ಕಂಟ್ರೋಲರ್ ಹತ್ತಿರ 12, ಚಕ್ರದ ಹತ್ತಿರ 10 ಕೂಡ ಇರಲಿಲ್ಲ. ದಪ್ಪ ವೈರು ಹಾಕಿದೆವು. ನಮ್ಮ ಪ್ಲಗ್‌ನ ಏಳೂ ಪಿನ್ನುಗಳನ್ನು ಲೈಟುಗಳೇ ತಿಂದಿದ್ದವು, ಹಾಗಾಗಿ ಬ್ರೇಕಿಗೆ ಬೇರೆ ಪ್ಲಗ್ ಆಯಿತು.

ಮೊದಲು ಟೈಮರ್ ಡಬ್ಬಿ. ಬೆಲೆಯಲ್ಲಿ ಇನ್ನೊಂದರ ಅರ್ಧ. ಹೇಗೆ ಬೇಕಾದರೂ ಸ್ಕ್ರೂ ಹೊಡೆದು ಕೂರಿಸಬಹುದು, ಓರೆ ಆದರೂ ಅದಕ್ಕೆ ಚಿಂತೆಯಿಲ್ಲ. ಪೆಡಲ್ ಮುಟ್ಟಿದ ಕೂಡಲೇ ಎಣಿಸಲು ಶುರು ಮಾಡಿ, ನಾಬ್ ತಿರುಗಿಸಿ ನಾವು ಇಟ್ಟ ಮಟ್ಟಕ್ಕೆ ಕರೆಂಟ್ ಏರಿಸುತ್ತದೆ. ನೀವು ಮೆಲ್ಲಗೆ ತುಳಿದಿರೋ ಜೋರಾಗಿ ತುಳಿದಿರೋ ಅದಕ್ಕೆ ಗೊತ್ತಾಗುವುದಿಲ್ಲ. ಇದರ ಪರಿಣಾಮ ಬಟವಾಡಿಯ ಟ್ರಾಫಿಕ್‌ನಲ್ಲಿ ಕಂಡಿತು. ಸುಮ್ಮನೆ ಪೆಡಲ್ ಮೇಲೆ ಕಾಲಿಟ್ಟುಕೊಂಡು ತೆವಳಿದರೂ ಟ್ರೈಲರ್ ಹಿಂದಿನಿಂದ ಗಬಕ್ಕನೆ ಹಿಡಿದು ಎಳೆಯುತ್ತದೆ. ಊರೊಳಗೆ ನಾಬ್ ಇಳಿಸಬೇಕು, ಹೆದ್ದಾರಿಗೆ ಬಂದ ಮೇಲೆ ಏರಿಸಬೇಕು. ಮರೆತರೆ ಮುಗಿಯಿತು. ಒಮ್ಮೆ ಎದುರಿಗೆ ನಾಯಿ ಬಂದು ಜೋರಾಗಿ ತುಳಿದಾಗ ಟ್ರೈಲರ್ ಬ್ರೇಕ್ ಬಿಗಿಯಾಗುವಷ್ಟರಲ್ಲಿ ನೂಕು ಬಂದೇ ಬಿಟ್ಟಿತ್ತು. ನಾಯಿ ಉಳಿಯಿತು.

ಸೆನ್ಸರ್ ಡಬ್ಬಿ ಬೇರೆ ಜಾತಿ. ಗಾಡಿಯ ವೇಗ ಎಷ್ಟು ಜೋರಾಗಿ ಇಳಿಯುತ್ತಿದೆ ಅಂತ ಒಳಗಿನ ಸೆನ್ಸರ್ ನೋಡಿ ಅಷ್ಟಕ್ಕೆ ತಕ್ಕ ಕರೆಂಟ್ ಬಿಡುತ್ತದೆ. ಹಾಗಾಗಿ ಇದನ್ನು ಗಾಡಿ ಹೋಗುವ ದಿಕ್ಕಿಗೆ ನೇರವಾಗಿಯೇ ಕೂರಿಸಬೇಕು. ಬೊಲೆರೊದಲ್ಲಿ ಡ್ರೈವರ್ ಮೊಣಕಾಲಿಗೆ ತಾಗದ ಹಾಗೆ ನೇರ ಜಾಗ ಹುಡುಕಲು ಅರ್ಧ ದಿನ ಹಿಡಿಯಿತು. ಆಮೇಲೆ ಬಟವಾಡಿಯಲ್ಲಿ ಟ್ರೈಲರ್ ಇದೆಯೋ ಇಲ್ಲವೋ ಅನ್ನುವಷ್ಟು ನಯ.

ಆದರೆ ನಮ್ಮ ಡ್ರೈವರಣ್ಣನಿಗೆ ಇದರ ಮೇಲೆ ಮೊದಲ ದಿನವೇ ಅನುಮಾನ. ನಿಂತ ಗಾಡಿಯಲ್ಲಿ ಪೆಡಲ್ ತುಳಿದು ನೋಡಿದರೆ ಮೀಟರ್‌ನಲ್ಲಿ ಏನೂ ಇಲ್ಲದಷ್ಟು ಕಡಿಮೆ. "ಹೊಸದೇ ಕೆಟ್ಟಿದೆ ಸ್ವಾಮಿ" ಅಂದುಬಿಟ್ಟ. ಕೆಟ್ಟಿರಲಿಲ್ಲ. ನಿಂತ ಗಾಡಿಯಲ್ಲಿ ಇಳಿಯಲು ವೇಗವೇ ಇಲ್ಲ, ಅದು ಕೊಡುವುದಾದರೂ ಏನು? ನಿಂತಲ್ಲೇ ಪರೀಕ್ಷೆ ಮಾಡಬೇಕಾದರೆ ಕೈಯಿಂದ ಒತ್ತುವ ಲಿವರ್ ಇದೆ.

ಆ ಲಿವರ್ ಎರಡು ಡಬ್ಬಿಗಳಲ್ಲೂ ಇದೆ. ಹೊಂದಿಸುವುದೂ ಅದರಿಂದಲೇ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಲಿವರ್ ಪೂರ್ತಿ ಒತ್ತಬೇಕು. ಟ್ರೈಲರ್ ಚಕ್ರ ಜಾರುವ ತನಕ ನಾಬ್ ಏರಿಸುತ್ತಾ ಹೋಗಿ, ಅಲ್ಲಿಂದ ಸ್ವಲ್ಪ ಇಳಿಸಬೇಕು. ಮಳೆ ಬಂದರೆ ಇನ್ನೂ ಸ್ವಲ್ಪ. ಒಬ್ಬ ಕೆಳಗೆ ನಿಂತು ಚಕ್ರ ನೋಡಬೇಕು, ಆ ಕೆಲಸ ಭಾವನಿಗೆ. ಕೂಲಿ ಅಂತ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ. ಟ್ರೈಲರ್ ಆ ಕಡೆ ಈ ಕಡೆ ತೊನೆಯಲು ಶುರು ಮಾಡಿದರೂ ಪೆಡಲ್ ಬಿಟ್ಟು ಈ ಲಿವರನ್ನೇ ಮೆಲ್ಲಗೆ ಒತ್ತಬೇಕು. ಹಿಂದಿನಿಂದ ಎಳೆದ ಹಾಗಾಗಿ ನೆಟ್ಟಗಾಗುತ್ತದೆ.

ಬೆಟ್ಟದಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ಹೇಳಿಬಿಡುತ್ತೇನೆ. ಬೆಟ್ಟದ ಮೇಲಿನ ಯೋಗಾನರಸಿಂಹನ ಗುಡಿ ಕಡೆಯಿಂದ ಇಳಿಯುವಾಗ ಟೈಮರ್‌ನದ್ದು ಪ್ರತಿ ತಿರುವಿಗೂ ಒಂದೇ ಪೆಟ್ಟು. ಸಣ್ಣ ತಿರುವಿಗೆ ಅದು ಜಾಸ್ತಿ, ದೊಡ್ಡದಕ್ಕೆ ಸಾಲದು. ಸೆನ್ಸರ್‌ನದ್ದು ಕಾಲಿನ ಜೊತೆಗೇ ಬರುತ್ತದೆ. ಗಾಡಿಯ ಮೂತಿ ಕೆಳಗಾದಾಗ ನಮ್ಮ ಸೆನ್ಸರ್ ಡಬ್ಬಿ ಒಂದು ಕೈ ಹೆಚ್ಚೇ ಹಿಡಿಯುತ್ತದೆ, ಇಳಿಜಾರಿನಲ್ಲಿ ನಮಗೆ ಬೇಕಾದದ್ದೂ ಅದೇ. ಎಂಜಿನ್ ತಡೆಯಲ್ಲಿ ಇಳಿಯುವಾಗ ಪೆಡಲ್ ಮುಟ್ಟದಿದ್ದರೆ ಎರಡೂ ಸುಮ್ಮನಿರುತ್ತವೆ, ಡ್ರಮ್ ತಣ್ಣಗಾಗುತ್ತದೆ. ಹಳೆಯ ನೂಕು ಬ್ರೇಕಿನಲ್ಲಿ ಇಲ್ಲದ್ದು ಇದೇ.

ಕೊಂಡಿ ಕಳಚಿದರೆ ಈ ಎರಡರಲ್ಲಿ ಯಾವುದೂ ಕೆಲಸಕ್ಕೆ ಬಾರದು. ಅದಕ್ಕೆ ಟ್ರೈಲರ್ ಮೇಲೆಯೇ ಸಣ್ಣ ಬ್ಯಾಟರಿ, ಹಗ್ಗ ಎಳೆದರೆ ಪಿನ್ ಕಿತ್ತು ಬ್ರೇಕ್ ಹಿಡಿಯುವ ಸ್ವಿಚ್ ಬೇರೆಯಾಗಿ ಬೇಕು. ಅದರ ಖರ್ಚಿಗೆ ಭಾವ ಗೊಣಗಿದರು, ಆದರೂ ಹಾಕಿಸಿದರು.

ಈಗ ಬೊಲೆರೊದಲ್ಲಿ ಇರುವುದು ಸೆನ್ಸರ್ ಡಬ್ಬಿ. ಟೈಮರ್‌ದನ್ನು ಎಸೆದಿಲ್ಲ. ಬರೀ ಗುಬ್ಬಿ, ಸಿರಾ ಕಡೆ ಓಡುವ ಇನ್ನೊಂದು ಪಿಕಪ್‌ಗೆ ಹಾಕಿದ್ದೇವೆ. ಅದರ ನಾಬ್ ಪಕ್ಕದಲ್ಲಿ ಡ್ರೈವರಣ್ಣ ಬಿಳಿ ಪೇಂಟಿನಲ್ಲಿ ಎರಡು ಗೆರೆ ಎಳೆದಿದ್ದಾನೆ: ಒಂದು 'ಊರು', ಇನ್ನೊಂದು 'ಹೈವೇ'.